ಸೈನಿಕರಿಗೆ ವಿಮಾನದಲ್ಲಿ ವಾಂತಿ ಆಗುವುದಿಲ್ಲವೇ? ಫಾರ್ವರ್ಡ್ ಹೇಳುವುದೇನು, ನಿಜ ಏನು?

ಗದಗ ಹತ್ತಿರದ ಕಳಸಾಪುರದಿಂದ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿ, ಇದು ಖರೇನಾ ಎಂದು ಕೇಳಿದ್ದಾರೆ. ಊರಿನ ಗ್ರೂಪಿಗೆ ಬಂದ ಆ ಸಂದೇಶದ ಸಾರಾಂಶ ಹೀಗಿದೆ:

"ವಾಯುಪಡೆಯ ಪೈಲಟ್‌ಗಳಿಗೆ ಎಂದೂ ವಾಂತಿ ಆಗುವುದಿಲ್ಲ. ಅವರ ಗುಟ್ಟು ಇಲ್ಲಿದೆ. ಹಾರುವ ಮೊದಲು ಅವರು ಏನನ್ನೂ ತಿನ್ನುವುದಿಲ್ಲ. ಲಿಂಬೆಹಣ್ಣು ಮೂಸುತ್ತಾರೆ. ಸೀಟಿನ ಮೇಲೆ ಪೇಪರ್ ಹಾಸಿಕೊಂಡು ಕೂರುತ್ತಾರೆ. ಒಂದು ಗುಳಿಗೆ ನುಂಗುತ್ತಾರೆ. ನೀವೂ ಹೀಗೇ ಮಾಡಿ, ಬಸ್ಸು, ಕಾರು, ವಿಮಾನ ಎಲ್ಲಿಯೂ ವಾಂತಿ ಬರುವುದಿಲ್ಲ. ಹತ್ತು ಜನರಿಗೆ ಕಳಿಸಿ."

ಇಂಥ ಸಂದೇಶಗಳು ನಮಗೆ ದಿನವೂ ಬರುತ್ತವೆ. ಆದರೆ ಈ ಸಲ ಅದರ ಕೆಳಗೆ ಇದ್ದ ನಾಲ್ಕು ಸಾಲು ನಮ್ಮನ್ನು ತಡೆದು ನಿಲ್ಲಿಸಿದವು. "ನಮ್ಮ ತಮ್ಮ ಮಿಲಿಟರಿ ವಿಮಾನದಾಗ ಕೆಲಸದ ಟ್ರೇನಿಂಗ್ ಮಾಡಾಕತ್ಯಾನ್ರಿ. ದಿನಾ ವಿಮಾನ ಇಳಸೂದು, ಮತ್ತ ಏರಸೂದು, ಇದ ನಡದೈತಂತ. ನಾಕ್ ಸರ್ತಿ ವಾಂತಿ ಮಾಡ್ಕೊಂಡಾನ. ನೌಕರಿ ಹೋದೀತು ಅಂತ ಯಾರ ಮುಂದೂ ಹೇಳಿಲ್ಲ. ಈ ಗುಳಿಗಿ ಪಾರ್ಸಲ್ ಮಾಡ್ಲೇನ್ರಿ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಅಕ್ಕಾ, ಗುಳಿಗೆ ಕಳಿಸಬೇಡಿ. ಏಕೆ ಎಂದು ತಿಳಿಯಲು ಮುಂದೆ ಓದಿ.

ಸೈನಿಕರಿಗೆ ವಾಂತಿ ಆಗುವುದಿಲ್ಲ ಎನ್ನುವುದು ನಿಜವೇ?

ಸುಳ್ಳು. ವಿಮಾನದಲ್ಲಿ ವಾಕರಿಕೆ ಬರುವುದು ಸೈನಿಕರಿಗೂ ಸಾಮಾನ್ಯ, ಅದರಲ್ಲೂ ತರಬೇತಿಯ ಮೊದಲ ಕೆಲವು ಹಾರಾಟಗಳಲ್ಲಿ. ಎಲ್ಲ ದೇಶಗಳ ವಾಯುಪಡೆಗಳಿಗೂ ಇದು ಹಳೆಯ, ಗೊತ್ತಿರುವ ತೊಂದರೆ.

ಬ್ರಿಟನ್ನಿನ ಹೆಸರಾಂತ ನೌಕಾಪಡೆ ಸೇನಾನಿ ನೆಲ್ಸನ್‌ಗೆ ಹಡಗಿನಲ್ಲಿ ವಾಂತಿಯ ಕಾಟವಿತ್ತು. ಬಾಹ್ಯಾಕಾಶಕ್ಕೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಎರಡು ಮೂರು ದಿನ ಇದೇ ಬಗೆಯ ವಾಕರಿಕೆ ಕಾಡುತ್ತದೆ. ನಮ್ಮ ವಾಯುಪಡೆಯ ಟೆಸ್ಟ್ ಪೈಲಟ್ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ, ಶುರುವಿನಲ್ಲಿ ತಮಗೆ ಅಷ್ಟೇನೂ ಚೆನ್ನಾಗಿ ಅನಿಸಲಿಲ್ಲ ಎಂದು ಕಕ್ಷೆಯಿಂದಲೇ ಮುಚ್ಚುಮರೆಯಿಲ್ಲದೆ ಹೇಳಿದರು. ಇವರ್‍ಯಾರನ್ನೂ ನಾವು ಹೇಡಿಗಳು ಎನ್ನುವುದಿಲ್ಲ.

ಹಾಗಾದರೆ ವಾಂತಿ ಏಕೆ ಬರುತ್ತದೆ? ಹೊಟ್ಟೆಯ ತೊಂದರೆಯೇ?

ಬಹಳ ಜನ ಹಾಗೆಯೇ ಅಂದುಕೊಂಡಿದ್ದಾರೆ. ಆದರೆ ಇದರ ಮೂಲ ಹೊಟ್ಟೆಯಲ್ಲಿ ಇಲ್ಲ, ಕಿವಿಯ ಒಳಗಿದೆ.

ನಮ್ಮ ಒಳಗಿವಿಯಲ್ಲಿ ಪ್ರತಿ ಬದಿಗೂ ಬಳೆಯ ತುಂಡಿನಂಥ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ಆ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ಮಿದುಳಿಗೆ "ತಿರುಗುತ್ತಿದ್ದೇವೆ" ಎಂಬ ಸುದ್ದಿ ಹೋಗುತ್ತದೆ. ಅವುಗಳ ಪಕ್ಕದಲ್ಲೇ ಸುಣ್ಣದ ಹರಳುಗಳಿರುವ ಇನ್ನೊಂದು ಅಂಗವಿದೆ. ಮೇಲೆ ಕೆಳಗೆ, ಹಿಂದೆ ಮುಂದೆ ಆಗುವ ಚಲನೆಯನ್ನು ಅದು ಗುರುತಿಸುತ್ತದೆ.

ಕಣ್ಣು, ಒಳಗಿವಿ, ಮೈಯ ಸ್ನಾಯುಗಳು ಈ ಮೂರೂ ಒಂದೇ ಸುದ್ದಿ ಕೊಟ್ಟರೆ ಮಿದುಳು ನೆಮ್ಮದಿಯಾಗಿರುತ್ತದೆ. ಕಿಟಕಿ ಇಲ್ಲದ ವಿಮಾನದ ಹಿಂಭಾಗದಲ್ಲಿ ಕೂತವನ ಕಣ್ಣು, "ಎಲ್ಲ ನಿಂತಲ್ಲೇ ನಿಂತಿದೆ" ಎನ್ನುತ್ತದೆ. ಒಳಗಿವಿ, "ಇಲ್ಲ, ಏಳುತ್ತಿದ್ದೇವೆ, ಬೀಳುತ್ತಿದ್ದೇವೆ, ತಿರುಗುತ್ತಿದ್ದೇವೆ" ಎನ್ನುತ್ತದೆ. ಈ ಜಗಳವನ್ನು ಮಿದುಳು ಬಿಡಿಸಲಾರದೆ ಹೋದಾಗ ಬೆವರು, ವಾಕರಿಕೆ, ವಾಂತಿ ಶುರುವಾಗುತ್ತವೆ. ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವ ವಿವರಣೆ ಇದೇ.

ಇದಕ್ಕೆ ಗಟ್ಟಿ ಪುರಾವೆಯೂ ಇದೆ. ಎರಡೂ ಒಳಗಿವಿಗಳ ಈ ಭಾಗ ಪೂರ್ತಿ ಕೆಲಸ ನಿಲ್ಲಿಸಿರುವವರಿಗೆ ಹಡಗು, ವಿಮಾನ ಎಷ್ಟೇ ಓಲಾಡಿದರೂ ಚಲನೆಯ ವಾಕರಿಕೆ ಬರುವುದಿಲ್ಲ. ಅಂದರೆ ಒಳಗಿವಿ ಸರಿಯಾಗಿ ಕೆಲಸ ಮಾಡುತ್ತಿರುವವರಿಗೇ ಈ ತೊಂದರೆ. ಆ ತಮ್ಮನಿಗೆ ವಾಂತಿ ಆಗುತ್ತಿರುವುದು ಅವನು ಅಶಕ್ತ ಎಂಬುದಕ್ಕೆ ಗುರುತಲ್ಲ.

ಪದೇ ಪದೇ ಇಳಿಸುವ ತರಬೇತಿಯಲ್ಲೇ ಏಕೆ ಹೆಚ್ಚು?

ಇಳಿಸುವುದನ್ನು ಕಲಿಯುವಾಗ ವಿಮಾನ ದೂರದ ಊರಿಗೆ ಹೋಗುವುದಿಲ್ಲ. ಹೊಲದ ನಾಲ್ಕು ಬದುವಿನ ಮೇಲೆ ನಡೆದಂತೆ ರನ್‌ವೇ ಸುತ್ತಲೇ ಸುತ್ತುತ್ತದೆ. ಮೇಲೇರು, ತಿರುಗು, ರನ್‌ವೇಗೆ ಸಮನಾಗಿ ಸಾಗು, ಮತ್ತೆ ತಿರುಗು, ಇಳಿ, ಚಕ್ರ ನೆಲಕ್ಕೆ ತಾಗಿದ ಕೂಡಲೇ ಎಂಜಿನ್ ಜೋರು ಮಾಡಿ ಮತ್ತೆ ಮೇಲೇರು. ಒಂದು ಸುತ್ತಿಗೆ ಕೆಲವೇ ನಿಮಿಷ. ಒಂದು ಗಂಟೆಯಲ್ಲಿ ಇಂಥ ಹಲವು ಸುತ್ತು ಆಗುತ್ತವೆ. ಇದರಲ್ಲಿ ವಾಂತಿ ಬರಿಸುವ ನಾಲ್ಕು ಕಾರಣಗಳು ಒಟ್ಟಿಗೆ ಸೇರಿಕೊಳ್ಳುತ್ತವೆ.

ಮೊದಲನೆಯದು ತಿರುವು. ನೀರು ತುಂಬಿದ ಕೊಡವನ್ನು ತಿರುಗಿಸಿ ನೋಡಿ. ಮೊದಲು ಕೊಡ ತಿರುಗುತ್ತದೆ, ನೀರು ನಿಂತಿರುತ್ತದೆ. ಸ್ವಲ್ಪ ಹೊತ್ತಿಗೆ ನೀರೂ ಜೊತೆಗೆ ತಿರುಗುತ್ತದೆ. ಕೊಡ ನಿಲ್ಲಿಸಿದರೂ ನೀರು ತಿರುಗುತ್ತಲೇ ಇರುತ್ತದೆ. ಒಳಗಿವಿಯಲ್ಲೂ ಆಗುವುದು ಇದೇ. ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ 10-20 ಸೆಕೆಂಡಿನಲ್ಲಿ ತಿರುಗುತ್ತಿರುವ ಅನುಭವವೇ ಮಾಯವಾಗುತ್ತದೆ. ವಿಮಾನ ನೇರವಾದಾಗ ಎದುರು ದಿಕ್ಕಿಗೆ ತಿರುಗಿದಂತೆ ಅನಿಸುತ್ತದೆ. ಪ್ರತಿ ಸುತ್ತಿನಲ್ಲೂ ಈ ಮೋಸ ಹಲವು ಸಲ ನಡೆಯುತ್ತದೆ.

ಎರಡನೆಯದು ತಲೆಯ ಅಲುಗಾಟ. ವಿಮಾನ ತಿರುಗುತ್ತಿರುವಾಗಲೇ ತಲೆ ಬಗ್ಗಿಸಿ ಮಡಿಲಲ್ಲಿರುವ ಪಟ್ಟಿ ಓದಿದರೆ, ಅಥವಾ ಹಿಂದೆ ತಿರುಗಿ ಸ್ವಿಚ್ ನೋಡಿದರೆ, ಮೂರೂ ನಾಳಗಳ ಸುದ್ದಿ ಕಲಸಿಹೋಗುತ್ತದೆ. ಇಡೀ ಲೋಕವೇ ಉರುಳಿದಂತೆ ಆಗುತ್ತದೆ. ಇಳಿಯುವ ಹೊತ್ತಿನಲ್ಲಿ ಸಿಬ್ಬಂದಿಗೆ ಓದುವ, ನೋಡುವ, ಹೇಳುವ ಕೆಲಸ ಹೆಚ್ಚು. ಹಾಗಾಗಿ ತಲೆಯ ಅಲುಗಾಟವೂ ಹೆಚ್ಚು.

ಮೂರನೆಯದು ಬಿಸಿಗಾಳಿ. ಇಂಥ ಸುತ್ತುಗಳನ್ನು ನೆಲದಿಂದ ಸುಮಾರು ಸಾವಿರ ಅಡಿ ಎತ್ತರದಲ್ಲಿ ಹಾರುವುದು ರೂಢಿ. ಗದಗ ಕಡೆಯವರಿಗೆ ಬೇಸಿಗೆಯ ಮಧ್ಯಾಹ್ನ ಎರಿಹೊಲ ಹೇಗೆ ಕಾಯುತ್ತದೆ ಎಂದು ಹೇಳಬೇಕಿಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿ ಕೆಳಮಟ್ಟದಲ್ಲಿ ಹಾರುವ ವಿಮಾನವನ್ನು ಎತ್ತಿ ಎತ್ತಿ ಹಾಕುತ್ತದೆ. ಸುಮಾರು ಐದು ಸೆಕೆಂಡಿಗೆ ಒಮ್ಮೆ ಮೇಲೆ ಕೆಳಗೆ ಆಗುವ ನಿಧಾನದ ಓಲಾಟವೇ ಎಲ್ಲಕ್ಕಿಂತ ಹೆಚ್ಚು ವಾಕರಿಕೆ ತರಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಟ್ರ್ಯಾಕ್ಟರಿನ ಗಡಗಡ ನಡುಕಕ್ಕೆ ವಾಂತಿ ಬಾರದು, ಜೋಕಾಲಿಗೆ ಬರಬಹುದು. ಕಾರಣ ಇದೇ.

ನಾಲ್ಕನೆಯದು ಕೂತಿರುವ ಜಾಗ. ವಿಮಾನ ಓಡಿಸುವವನಿಗೆ ಮುಂದೆ ಯಾವ ಕಡೆ ತಿರುಗುತ್ತೇವೆ ಎಂದು ಗೊತ್ತಿರುತ್ತದೆ. ಅವನ ಮಿದುಳು ಮೊದಲೇ ಸಿದ್ಧವಾಗಿರುತ್ತದೆ. ಹಿಂದೆ ಕೂತವನಿಗೆ ಅದು ಗೊತ್ತಿರುವುದಿಲ್ಲ. ಬಸ್ಸಿನ ಡ್ರೈವರ್‌ಗೆ ವಾಂತಿ ಬರುವುದು ಅಪರೂಪ, ಹಿಂದಿನ ಸೀಟಿನವರಿಗೆ ಮಾಮೂಲು. ಯಲ್ಲಾಪುರ ದಾಟಿ ಅಂಕೋಲಾ ಕಡೆಗೆ ಅರಬೈಲು ಘಟ್ಟ ಇಳಿಯುವ ಬಸ್ಸಿನಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು.

ಫಾರ್ವರ್ಡ್‌ನಲ್ಲಿರುವ ಉಪಾಯಗಳು ಎಷ್ಟು ನಿಜ?

ಖಾಲಿ ಹೊಟ್ಟೆಯಲ್ಲಿ ಹಾರಬೇಕು: ತಪ್ಪು. ಖಾಲಿ ಹೊಟ್ಟೆ ವಾಕರಿಕೆಯನ್ನು ತಡೆಯುವುದಿಲ್ಲ. ಜೊತೆಗೆ ನಿತ್ರಾಣ ತರುತ್ತದೆ. ಹೊಟ್ಟೆ ಬಿರಿಯುವಂತೆ ಮಿರ್ಚಿ, ಬಜಿ ತಿಂದು ಹೊರಡುವುದೂ ತಪ್ಪು. ಎಣ್ಣೆ, ಖಾರ ಕಡಿಮೆ ಇರುವ ಹಗುರ ತಿಂಡಿಯನ್ನು ಒಂದೆರಡು ಗಂಟೆ ಮೊದಲು ತಿನ್ನುವುದು ಒಳ್ಳೆಯದು.

ಲಿಂಬೆಹಣ್ಣು ಮೂಸಬೇಕು: ಇದು ಕಿವಿ ಮತ್ತು ಕಣ್ಣಿನ ಜಗಳ ಬಿಡಿಸುವುದಿಲ್ಲ. ಆದರೆ ಡೀಸೆಲ್ ವಾಸನೆ, ಬೇರೆಯವರ ವಾಂತಿಯ ವಾಸನೆ ವಾಕರಿಕೆಯನ್ನು ಹೆಚ್ಚಿಸುತ್ತದೆ. ಆ ವಾಸನೆಯನ್ನು ಮರೆಸುವಷ್ಟರ ಮಟ್ಟಿಗೆ ಹಿತ ಅನಿಸಬಹುದು. ಅಪಾಯವೇನೂ ಇಲ್ಲ.

ಸೀಟಿನ ಮೇಲೆ ಪೇಪರ್ ಹಾಸಬೇಕು: ನಮ್ಮ ಕಡೆ ಬಸ್ಸಿನಲ್ಲಿ ಇದನ್ನು ಮಾಡುವವರು ಬಹಳ. ಪೇಪರ್ ಮೇಲೆ ಕೂತರೆ ಒಳಗಿವಿಗೆ ಏನೂ ಆಗುವುದಿಲ್ಲ. ಇದು ಕೆಲಸ ಮಾಡುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. "ಇನ್ನು ವಾಂತಿ ಬರಲ್ಲ" ಎಂಬ ಧೈರ್ಯದಿಂದ ಕೆಲವರಿಗೆ ಸ್ವಲ್ಪ ಹಗುರ ಅನಿಸಿರಬಹುದು, ಅಷ್ಟೇ.

ಶುಂಠಿ, ಮಣಿಕಟ್ಟಿನ ಪಟ್ಟಿ: ಇವು ಈ ಫಾರ್ವರ್ಡ್‌ನಲ್ಲಿ ಇಲ್ಲ, ಬೇರೆಯವುಗಳಲ್ಲಿ ಇರುತ್ತವೆ. ಶುಂಠಿಯ ಮೇಲೆ ನಡೆದ ಪ್ರಯೋಗಗಳ ಫಲ ಒಂದೇ ರೀತಿ ಬಂದಿಲ್ಲ. ಕೆಲವರಿಗೆ ಅನುಕೂಲ ಆಗಬಹುದು. ಮಣಿಕಟ್ಟಿನ ಪಟ್ಟಿಗೆ ನಂಬುವಂಥ ಪುರಾವೆ ಇಲ್ಲ.

ಗುಳಿಗೆ: ಇಲ್ಲಿ ಅರ್ಧ ನಿಜವಿದೆ, ಅದಕ್ಕೇ ಇದು ಹೆಚ್ಚು ಅಪಾಯ. ಔಷಧಿ ಅಂಗಡಿಯಲ್ಲಿ ಅವೋಮಿನ್ ಹೆಸರಿನಲ್ಲಿ ಸಿಗುವ ಗುಳಿಗೆಯಲ್ಲಿ ಪ್ರೊಮೆಥಜೀನ್ ಇರುತ್ತದೆ. ಅದು ಚಲನೆಯ ವಾಂತಿಯನ್ನು ತಡೆಯುತ್ತದೆ, ನಿಜ. ಆದರೆ ನಿದ್ದೆ ತರಿಸುತ್ತದೆ, ಚುರುಕುತನ ಕಡಿಮೆ ಮಾಡುತ್ತದೆ. ಬಸ್ಸಿನಲ್ಲಿ ಕೂತ ಪ್ರಯಾಣಿಕ ನಿದ್ದೆ ಹೋದರೆ ಊರು ದಾಟಿ ಹೋದಾನು. ನೆಲಕ್ಕೆ ಇಳಿಯುತ್ತಿರುವ ವಿಮಾನದಲ್ಲಿ ಕೆಲಸದ ಮೇಲಿರುವವನಿಗೆ ಮಂಪರು ಬಂದರೆ, ಅಪಾಯ ಅವನೊಬ್ಬನದಲ್ಲ. ವಿಮಾನದಲ್ಲಿ ಇರುವ ಎಲ್ಲರದು.

ಅದಕ್ಕೇ ಸೇನಾ ವಿಮಾನದ ಸಿಬ್ಬಂದಿ ವೈದ್ಯರ ಒಪ್ಪಿಗೆ ಇಲ್ಲದೆ ಔಷಧಿ ತೆಗೆದುಕೊಂಡು ಹಾರುವಂತಿಲ್ಲ. ಕೆಲವು ದೇಶಗಳ ವಾಯುಪಡೆಗಳಲ್ಲಿ ಆರಂಭದ ಕೆಲವೇ ಹಾರಾಟಗಳಿಗೆ, ಬೋಧಕರು ಜೊತೆಗಿದ್ದಾಗ, ವೈದ್ಯರೇ ಔಷಧಿ ಕೊಡುವುದುಂಟು. ಮನೆಯಿಂದ ಪಾರ್ಸಲ್ ಬಂದ ಗುಳಿಗೆಯನ್ನು ಗುಟ್ಟಾಗಿ ನುಂಗುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಹಾಗಾದರೆ ವಿಮಾನದ ಸಿಬ್ಬಂದಿ ಏನು ಮಾಡುತ್ತಾರೆ?

ಗುಟ್ಟೇನೂ ಇಲ್ಲ. ಎಲ್ಲವೂ ಸರಳ ಕ್ರಮಗಳೇ.

ಕಣ್ಣಿಗೆ ದಿಗಂತ ಕಂಡರೆ ಅದನ್ನೇ ನೋಡುತ್ತಾರೆ. ಆಗ ಕಣ್ಣು, ಕಿವಿ ಎರಡೂ ಒಂದೇ ಸುದ್ದಿ ಕೊಡುತ್ತವೆ. ಕಿಟಕಿ ಇಲ್ಲದಿದ್ದರೆ ತಲೆಯನ್ನು ಸೀಟಿಗೆ ಆನಿಸಿ ಅಲುಗಾಡದಂತೆ ಇಡುತ್ತಾರೆ. ತಿರುವಿನಲ್ಲಿ ಓದಬೇಕಾದ್ದನ್ನು ತಿರುವಿಗೆ ಮೊದಲೇ ಓದಿಕೊಳ್ಳುತ್ತಾರೆ. ಓದಲೇಬೇಕಾದರೆ ತಲೆ ಬಗ್ಗಿಸುವ ಬದಲು ಪಟ್ಟಿಯನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ.

ತಂಪು ಗಾಳಿಯನ್ನು ಮುಖಕ್ಕೆ ಬಿಟ್ಟುಕೊಳ್ಳುತ್ತಾರೆ. ಹೊಟ್ಟೆಯಿಂದ ನಿಧಾನವಾಗಿ, ಒಂದೇ ಲಯದಲ್ಲಿ ಉಸಿರಾಡುತ್ತಾರೆ. ಉಸಿರಿನ ಮೇಲೆ ಹಿಡಿತ ಇಟ್ಟುಕೊಂಡರೆ ವಾಕರಿಕೆ ತಡವಾಗಿ ಬರುತ್ತದೆ ಎಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಮದ್ಯ ಮುಟ್ಟುವುದಿಲ್ಲ, ನೀರು ಸಾಕಷ್ಟು ಕುಡಿಯುತ್ತಾರೆ. ಮುಂದಿನ ತಿರುವು ಯಾವ ಕಡೆ ಎಂದು ಇಂಟರ್‌ಕಾಮ್‌ನಲ್ಲಿ ಕೇಳಿಸಿಕೊಂಡು ಮನಸ್ಸನ್ನು ಸಿದ್ಧ ಮಾಡಿಕೊಳ್ಳುತ್ತಾರೆ. ಕೈಗೆ ಕೆಲಸ ಇದ್ದರೆ ವಾಕರಿಕೆಯ ಕಡೆ ಗಮನ ಕಡಿಮೆಯಾಗುತ್ತದೆ.

ವಾಂತಿ ಚೀಲವನ್ನು ಕೈಗೆ ಸಿಗುವಂತೆ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ನಾಚಿಕೆಪಟ್ಟು ಚೀಲ ಒಯ್ಯದಿರುವುದು ಮೂರ್ಖತನ. ಆಮ್ಲಜನಕದ ಮುಖವಾಡ ಹಾಕಿಕೊಂಡಾಗ ಅದರೊಳಗೇ ವಾಂತಿಯಾದರೆ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಶುರುವಾಗುವ ಮೊದಲೇ ಗುರುತಿಸುವುದು ಮುಖ್ಯ. ಪದೇ ಪದೇ ಆಕಳಿಕೆ, ಬಾಯಲ್ಲಿ ನೀರೂರುವುದು, ಮುಖ ಬಿಳಿಚುವುದು, ತಣ್ಣನೆ ಬೆವರು, ಏನೂ ಬೇಡ ಅನಿಸುವ ಜಡತ್ವ ಇವೇ ಮುನ್ಸೂಚನೆಗಳು. ಕೆಲವರಿಗೆ ವಾಂತಿ ಆಗುವುದೇ ಇಲ್ಲ, ಬರೀ ಮಂಪರು, ಮಂಕು. ಅದೂ ಇದೇ ತೊಂದರೆಯ ಇನ್ನೊಂದು ರೂಪ.

ಇದು ವಾಸಿಯಾಗುತ್ತದೆಯೇ?

ಹೆಚ್ಚಿನವರಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಮೇಲಿಂದ ಮೇಲೆ ಹಾರುತ್ತಾ ಹೋದಂತೆ ಮಿದುಳು ಹೊಸ ಸುದ್ದಿಗೆ ಹೊಂದಿಕೊಳ್ಳುತ್ತದೆ. ಬಹಳ ದಿನ ಬಿಡುವು ಕೊಟ್ಟರೆ ಆ ಹೊಂದಾಣಿಕೆ ಸ್ವಲ್ಪ ಜಾರಿಹೋಗುತ್ತದೆ. ರಜೆ ಮುಗಿಸಿ ಬಂದ ಮೊದಲ ಹಾರಾಟದಲ್ಲಿ ಮತ್ತೆ ವಾಕರಿಕೆ ಬಂದರೆ ಗಾಬರಿಯಾಗಬೇಕಿಲ್ಲ.

ತಾನಾಗಿ ಕಡಿಮೆಯಾಗದವರಿಗೂ ದಾರಿ ಇದೆ, ಅದೂ ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ವಿಮಾನಪುರದಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಶುರುವಾದ ಸಂಸ್ಥೆ. ಗಗನಯಾನಕ್ಕೆ ಗಗನಯಾತ್ರಿಗಳನ್ನು ಆರಿಸುವಾಗ ವೈದ್ಯಕೀಯ ಪರೀಕ್ಷೆ ನಡೆಸಿದ್ದೂ ಇಲ್ಲಿಯೇ. ವಿಮಾನದ ವಾಂತಿ ಬಿಡದೆ ಕಾಡುವ ಸಿಬ್ಬಂದಿಯನ್ನು ಪರೀಕ್ಷಿಸಿ, ಅದನ್ನು ಪಳಗಿಸುವ ತರಬೇತಿ ಕೊಡುವುದೂ ಇಂಥ ಸಂಸ್ಥೆಗಳ ಕೆಲಸ.

ಆ ತರಬೇತಿಯಲ್ಲಿ ತಿರುಗುವ ಕುರ್ಚಿಯೊಂದನ್ನು ಬಳಸುತ್ತಾರೆ. ಒಳಗಿವಿಯ ಸಂಶೋಧನೆಗೆ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿ ಅವರ ಹೆಸರು ಅದಕ್ಕಿದೆ. ಕುರ್ಚಿಯಲ್ಲಿ ಕೂರಿಸಿ ಮೊದಲು ನಿಧಾನ, ಆಮೇಲೆ ಸ್ವಲ್ಪ ಜೋರಾಗಿ ತಿರುಗಿಸುತ್ತಾರೆ. ತಿರುಗುವಾಗ ತಲೆಯನ್ನು ಹೇಳಿದ ಕಡೆಗೆ ವಾಲಿಸಬೇಕು. ವಾಕರಿಕೆ ಶುರುವಾಗುವ ಅಂಚಿಗೆ ಬಂದಾಗ ನಿಲ್ಲಿಸುತ್ತಾರೆ. ದಿನ ದಿನಕ್ಕೆ ಆ ಅಂಚು ದೂರ ಸರಿಯುತ್ತದೆ. ಜೊತೆಗೆ ಉಸಿರಾಟ, ಮೈ ಸಡಿಲಿಸುವ ಅಭ್ಯಾಸವನ್ನೂ ಕಲಿಸುತ್ತಾರೆ. ಬೇರೆ ಬೇರೆ ದೇಶಗಳಲ್ಲಿ ಇಂಥ ತರಬೇತಿ ಪಡೆದವರಲ್ಲಿ ಬಹುಪಾಲು ಮಂದಿ ಮತ್ತೆ ಹಾರಾಟಕ್ಕೆ ಮರಳಿದ್ದಾರೆ.

1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅಲ್ಲಿ ಯೋಗಾಭ್ಯಾಸದ ಪ್ರಯೋಗ ಮಾಡಿದ್ದು ಕೂಡ, ತೂಕವಿಲ್ಲದ ಸ್ಥಿತಿಗೆ ಮೈ ಹೊಂದಿಕೊಳ್ಳಲು ಅದು ನೆರವಾಗುತ್ತದೆಯೇ ಎಂದು ನೋಡಲು.

ಮುಚ್ಚಿಟ್ಟರೆ ಏನಾಗುತ್ತದೆ?

ನಮಗೆ ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ಫಾರ್ವರ್ಡ್‌ನಲ್ಲಿರುವ ಲಿಂಬೆಹಣ್ಣು, ಪೇಪರುಗಳಿಂದ ಯಾರಿಗೂ ಕೆಡುಕಿಲ್ಲ. "ಪೈಲಟ್‌ಗಳಿಗೆ ಎಂದೂ ವಾಂತಿ ಆಗುವುದಿಲ್ಲ" ಎಂಬ ಮೊದಲ ಸಾಲೇ ಕೆಡುಕು. ಆ ಸಾಲು ಓದಿದ ಹುಡುಗ ತನ್ನಲ್ಲೇ ಏನೋ ಕೊರತೆ ಇದೆ ಎಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಬಾಯಿ ಮುಚ್ಚಿದವನಿಗೆ ನೆರವು ಸಿಗುವುದಿಲ್ಲ. ಅವನು ಊಟ ಬಿಡುತ್ತಾನೆ, ನೀರು ಬಿಡುತ್ತಾನೆ, ಗುಟ್ಟಾಗಿ ಗುಳಿಗೆ ನುಂಗುತ್ತಾನೆ. ವಾಂತಿಯಿಂದ ಮೈಯ ನೀರು ಹೋದವನಿಗೆ ಮುಂದಿನ ಹಾರಾಟ ಇನ್ನೂ ಕಷ್ಟವಾಗುತ್ತದೆ. "ಇವತ್ತೂ ಆದರೆ?" ಎಂಬ ಹೆದರಿಕೆಯೇ ವಾಕರಿಕೆಯನ್ನು ಬೇಗ ತರಿಸುತ್ತದೆ.

ಆರಂಭದಲ್ಲೇ ಬೋಧಕರಿಗೆ, ಘಟಕದ ವೈದ್ಯರಿಗೆ ಹೇಳಿದರೆ ಅವರು ಮೊದಲು ಕಿವಿಯ ಸೋಂಕು, ಮೈಗ್ರೇನ್, ಹೊಟ್ಟೆಯ ಬೇರೆ ಕಾಯಿಲೆ ಇದೆಯೇ ಎಂದು ನೋಡುತ್ತಾರೆ. ಆಮೇಲೆ ಹಾರಾಟವನ್ನು ಹಂತ ಹಂತವಾಗಿ ಹೆಚ್ಚಿಸಬಹುದು, ಬೇಕಾದರೆ ವಿಶೇಷ ತರಬೇತಿಗೆ ಕಳಿಸಬಹುದು. ಎಲ್ಲರೂ ಹಾರುವ ಕೆಲಸದಲ್ಲೇ ಉಳಿಯುತ್ತಾರೆ ಎಂದು ನಾವು ಮಾತು ಕೊಡಲಾರೆವು. ಆದರೆ ಹೇಳಿಕೊಂಡವನಿಗೆ ದಾರಿಗಳು ಹೆಚ್ಚು.

ನಮಗೆಲ್ಲ ಇದರಿಂದ ಏನು ಉಪಯೋಗ?

ನಾವು ವಿಮಾನ ಇಳಿಸುವುದಿಲ್ಲ, ಆದರೆ ಘಟ್ಟದ ಬಸ್ಸು ಹತ್ತುತ್ತೇವೆ. ನಿಯಮ ಒಂದೇ.

• ಬಸ್ಸಿನಲ್ಲಿ ಮುಂದಿನ ಭಾಗದಲ್ಲಿ ಕೂರಿ, ದೂರದ ರಸ್ತೆ ನೋಡಿ.
• ತಿರುವುಗಳಲ್ಲಿ ಮೊಬೈಲ್ ನೋಡಬೇಡಿ. ಈ ಲೇಖನವನ್ನೂ ಓದಬೇಡಿ.
• ಕಿಟಕಿ ತೆರೆಯಿರಿ, ಆದರೆ ತಲೆ, ಕೈ ಹೊರಗೆ ಹಾಕಬೇಡಿ. ಚೀಲ ಜೊತೆಗಿರಲಿ.
• 2ರಿಂದ 12 ವರ್ಷದ ಮಕ್ಕಳಿಗೆ ಈ ತೊಂದರೆ ಹೆಚ್ಚು. ಅವರನ್ನು ಬೈಯಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಡಲೇಬಾರದು. ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಕೊಡಿ.
• ಗುಳಿಗೆ ತೆಗೆದುಕೊಳ್ಳುವುದಿದ್ದರೆ ಹೊರಡುವ ಒಂದೆರಡು ಗಂಟೆ ಮೊದಲೇ. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಅದು ಮೈಗೆ ಸೇರುವುದೇ ಕಷ್ಟ. ಗುಳಿಗೆ ತೆಗೆದುಕೊಂಡು ಗಾಡಿ ಓಡಿಸಬೇಡಿ.
• ಪ್ರಯಾಣ ಮುಗಿದ ಮೇಲೂ ತಲೆಸುತ್ತು ನಿಲ್ಲದಿದ್ದರೆ, ಕಿವಿ ಕೇಳಿಸುವುದು ಕಡಿಮೆಯಾದರೆ, ಜೋರು ತಲೆನೋವಿದ್ದರೆ ವೈದ್ಯರ ಬಳಿ ಹೋಗಿ.

ನಮ್ಮ ತೀರ್ಮಾನ

ಸೈನಿಕರಿಗೆ ವಿಮಾನದಲ್ಲಿ ವಾಂತಿ ಆಗುವುದಿಲ್ಲ ಎನ್ನುವ ಸಂದೇಶ ಸುಳ್ಳು. ಅದರಲ್ಲಿ ಹೇಳಿರುವ ಉಪಾಯಗಳಲ್ಲಿ ಹೆಚ್ಚಿನವಕ್ಕೆ ಆಧಾರವಿಲ್ಲ. ಗುಳಿಗೆಯ ಸಲಹೆ ಹಾರಾಟದ ಸಿಬ್ಬಂದಿಗೆ ಅಪಾಯಕಾರಿ.

ಕಳಸಾಪುರದ ಅಕ್ಕನಿಗೆ ನಾವು ಇಷ್ಟನ್ನೂ ಚಿಕ್ಕದಾಗಿ ಬರೆದು ಕಳಿಸಿದೆವು. ಸಂಜೆ ಅವರ ಉತ್ತರ ಬಂತು: "ಗುಳಿಗಿ ಕಳಸೂದಿಲ್ರಿ. ನಾಳೆ ಡಾಕ್ಟರ್ ಹತ್ರ ಹೋಗ್ತೀನಿ ಅಂದಾನ. ನಮ್ಮ ಅಪ್ಪಾಗೂ ಮಿಲಿಟರಿದಾಗ ಇದ್ದಾಗ ಹಡಗಿನ್ಯಾಗ ಹಿಂಗ ಆಗಿತ್ತಂತ. ಇಷ್ಟು ದಿನ ಯಾರಿಗೂ ಹೇಳಿದ್ದಿಲ್ಲ ನೋಡ್ರಿ."

ಹತ್ತು ಜನರಿಗೆ ಏನನ್ನಾದರೂ ಕಳಿಸಲೇಬೇಕು ಅನಿಸಿದರೆ, ಆ ಕೊನೆಯ ಮಾತನ್ನು ಕಳಿಸಿ.